ಹಳೆಯ ಮೋಟಾರಿನ ನೀರಿನ ಲೆಕ್ಕ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಪಂಪ ರನ್ನರ ಕಾವ್ಯವನ್ನೂ ದಾಸರ ಪದಗಳನ್ನೂ ಕುರಿತು ವಿದ್ವಾಂಸರು ಮಾತನಾಡಿದ ವೇದಿಕೆಯಿದು. ಇಲ್ಲಿ ನಿಂತು ಹಳೆಯ ಮೋಟಾರು ಕಾರಿನಲ್ಲಿ ನೀರು ಸೋರುವ ವಿಚಾರವನ್ನು ನಾವು ಹೇಳಹೊರಟಿರುವುದು ಕೆಲವರಿಗೆ ವಿನೋದವಾಗಿ ಕಾಣಬಹುದು. ನಾವು ಎಂಜಿನಿಯರುಗಳಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. “ಹಳೆಯ ಕಾರು ಇಟ್ಟುಕೊಂಡವರು ನಮ್ಮ ಸದಸ್ಯರಲ್ಲಿ ಇನ್ನೂ ಕೆಲವರಿದ್ದಾರೆ. ನೀವು ಮೂವರು ಸೇರಿ ದೊಡ್ಡಪ್ಪನವರ ಅಂಬಾಸಡರನ್ನು ಸರಿಮಾಡಿದಿರಲ್ಲ, ಅದನ್ನೇ ಹೇಳಿ” ಎಂದರು. ಅವರ ಮಾತನ್ನು ಮೀರಲಾರದೆ ನಿಂತಿದ್ದೇವೆ. ತಿಳಿದವರು ತಪ್ಪಿದ್ದಲ್ಲಿ ತಿದ್ದಬೇಕು.

ದೊಡ್ಡಪ್ಪ ಎಂದರೆ ನಮ್ಮ ರಕ್ತಸಂಬಂಧಿಗಳಲ್ಲ. ಟಿ. ನಗರದ ನಮ್ಮ ಬೀದಿಯಲ್ಲಿರುವ ಎಂಬತ್ತು ದಾಟಿದ ಹಿರಿಯರು. ಕನ್ನಡದ ಮನೆಗಳವರೆಲ್ಲ ಅವರನ್ನು ಹಾಗೆಯೇ ಕರೆಯುವುದು ವಾಡಿಕೆ. ಅವರಲ್ಲಿ 1972ರ ಒಂದು ಅಂಬಾಸಡರ್ ಕಾರು ಇದೆ. ಉಡುಪಿಯಿಂದಲೋ ಧಾರವಾಡದಿಂದಲೋ ಹೊಸದಾಗಿ ವರ್ಗವಾಗಿ ಬಂದ ಎಷ್ಟೋ ಸಂಸಾರಗಳು ಸೆಂಟ್ರಲ್ ಸ್ಟೇಷನ್ನಿನಿಂದ ಈ ಊರಿನ ಬಾಡಿಗೆ ಮನೆಗೆ ಬಂದದ್ದು ಆ ಕಾರಿನಲ್ಲಿ. ಯಕ್ಷಗಾನದ ಪೆಟ್ಟಿಗೆಗಳು ಬಂದದ್ದು ಅದರಲ್ಲಿ. ಅರ್ಧರಾತ್ರಿಯಲ್ಲಿ ಹೆರಿಗೆ ನೋವು ಬಂದಾಗ ಬಾಗಿಲು ತಟ್ಟಿ ಎಬ್ಬಿಸಿದ್ದೂ ಅದರ ಯಜಮಾನರನ್ನೇ. ಆ ಕಾರನ್ನು ಗುಜರಿಗೆ ಹಾಕಬೇಕೋ ಬೇಡವೋ ಎಂಬ ಪ್ರಶ್ನೆ, ಎಂಜಿನ್ನಿನ ಮುಂತುದಿಯಲ್ಲಿ ಅಂಗೈಯಗಲದ ಒಂದು ಮುಚ್ಚಳದ ಅಡಿಯಿಂದ ಎದ್ದಿತು. ಆ ಮುಚ್ಚಳವೇ ಇಂದಿನ ನಮ್ಮ ವಿಷಯ.

ಮೊದಲು ಈ ಕಾರುಗಳ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಸ್ವತಂತ್ರ ಭಾರತದ ರಸ್ತೆಗಳಲ್ಲಿ ಬಹುಕಾಲ ಓಡಿದ ಕಾರುಗಳು ಮುಖ್ಯವಾಗಿ ಮೂರು. ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆ ಮಾಡಿದ ಅಂಬಾಸಡರ್ ಒಂದು. ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯ ಫಿಯಟ್ ಇನ್ನೊಂದು. ಮುಂದೆ ಅದೇ ಪದ್ಮಿನಿ ಎನಿಸಿಕೊಂಡಿತು. ಮೂರನೆಯದು ನಮ್ಮ ಈ ಊರಿನ ಹೊರವಲಯದ ವಂಡಲೂರಿನ ಕಡೆ ತಯಾರಾದ ಸ್ಟಾಂಡರ್ಡ್. ಅವರ ಹೆರಾಲ್ಡ್ ಕಾರು ಹೊರಬಂದದ್ದು 1961ರಲ್ಲಿ. ಕನ್ನಡಿಗರಾದ ನಾವು ಇಲ್ಲಿ ವಿಶ್ವೇಶ್ವರಯ್ಯನವರನ್ನು ನೆನೆಯದೆ ಮುಂದೆ ಹೋಗಬಾರದು. 1930ರ ದಶಕದಲ್ಲಿಯೇ ದೇಶದಲ್ಲೊಂದು ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಸಿದ್ಧಪಡಿಸಿ, ಪರದೇಶಗಳನ್ನು ಸುತ್ತಿ, ಸರಕಾರದ ಬಾಗಿಲು ತಟ್ಟಿದವರು ಅವರು. ಆ ಪ್ರಯತ್ನದಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಸ್ಥಾಪಿಸಿದರು. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಉಳಿದೆರಡು ಅದಕ್ಕೂ ಮುಂಚೆಯೇ ನಿಂತಿದ್ದವು. ಆದುದರಿಂದ ಈಗ ಉಳಿದಿರುವುದನ್ನು ಕಾಪಾಡಿಕೊಳ್ಳಬೇಕಾದವರು ಇಟ್ಟುಕೊಂಡವರೇ.

ಇನ್ನು ವಿಷಯಕ್ಕೆ ಬರೋಣ. ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಾಖವೆಲ್ಲ ಚಕ್ರ ತಿರುಗಿಸುವುದಕ್ಕೆ ಒದಗುವುದಿಲ್ಲ. ಒಂದು ಪಾಲು ಹೊಗೆಯೊಡನೆ ಹೋಗುತ್ತದೆ. ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ಎಂಜಿನ್ನಿನ ಲೋಹವನ್ನು ಕಾಯಿಸುತ್ತದೆ. ಈ ಕಾವನ್ನು ಹೊತ್ತು ಹೊರಹಾಕುವುದಕ್ಕಾಗಿಯೇ ಎಂಜಿನ್ನಿನ ಗೋಡೆಗಳ ನಡುವೆ ನೀರು ಹರಿಯುವಂತೆ ಮಾಡಿರುತ್ತಾರೆ. ಪಂಪು ನೀರನ್ನು ತಳ್ಳುತ್ತದೆ. ನೀರು ಕಾವನ್ನು ಹೀರಿ, ಮೇಲಿನ ರಬ್ಬರು ಪೈಪಿನ ಮೂಲಕ ರೇಡಿಯೇಟರಿಗೆ ಬಂದು, ಗಾಳಿಯಲ್ಲಿ ಆರಿ, ಕೆಳಗಿನ ಪೈಪಿನಿಂದ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಹೀಗೆ ಸುತ್ತುತ್ತಲೇ ಇರುತ್ತದೆ.

ಈ ದಾರಿಯಲ್ಲಿ, ನೀರು ಎಂಜಿನ್ನಿನ ಹೆಡ್ಡನ್ನು ಬಿಟ್ಟು ಹೊರಡುವ ಜಾಗದಲ್ಲಿ, ಒಬ್ಬ ಬಾಗಿಲ ಕಾವಲುಗಾರನಿದ್ದಾನೆ. ಅವನ ಹೆಸರು ಥರ್ಮೋಸ್ಟಾಟ್. ನೋಡುವುದಕ್ಕೆ ಹಿತ್ತಾಳೆಯ ಒಂದು ಚಿಕ್ಕ ಬಟ್ಟಲು; ಹೊಟ್ಟೆಯಲ್ಲಿ ಮೇಣ. ನೀರು ತಣ್ಣಗಿರುವ ತನಕ ಬಾಗಿಲು ಮುಚ್ಚಿರುತ್ತದೆ. ಗೊತ್ತಾದ ಕಾವು ಬಂದಾಗ ಮೇಣ ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ಒತ್ತುತ್ತದೆ, ಬಾಗಿಲು ತೆರೆಯುತ್ತದೆ. ಎಷ್ಟು ಡಿಗ್ರಿಗೆ ತೆರೆಯಬೇಕೆಂಬುದನ್ನು ಲೋಹದ ಮೇಲೆ ಒತ್ತಿರುತ್ತಾರೆ. ಈ ಜಾತಿಯ ಎಂಜಿನ್ನುಗಳಿಗೆ ಸಾಮಾನ್ಯವಾಗಿ 82 ಡಿಗ್ರಿ ಸೆಂಟಿಗ್ರೇಡಿನದು, ಸೆಕೆಯ ದೇಶಗಳಿಗೆ 74 ಡಿಗ್ರಿಯದು.

“ನಮ್ಮ ಚೆನ್ನೈನ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ ಸ್ವಾಮಿ, ತೆಗೆದು ಬಿಸಾಡಿ” ಎನ್ನುವವರುಂಟು. ಇದು ಬಹಳ ಹಳೆಯ ಮಾತು, ಸರಿಯಾದ ಮಾತಲ್ಲ. ಹೊರಗೆ 40 ಡಿಗ್ರಿ ಸೆಕೆಯಿದ್ದರೂ ಎಂಜಿನ್ನಿಗೆ ಬೇಕಾದ 80 ಡಿಗ್ರಿಗೆ ಅದು ಚಳಿಯೇ. ಕಾವಲುಗಾರನಿಲ್ಲದ ಎಂಜಿನ್ನು ಬೇಗ ಕಾಯುವುದಿಲ್ಲ. ಕಾಯದ ಎಂಜಿನ್ನಿನಲ್ಲಿ ಪೆಟ್ರೋಲು ಪೂರ್ತಿ ಉರಿಯದೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ, ಎಣ್ಣೆ ನೀರಾಗುತ್ತದೆ, ಸವೆತ ಹೆಚ್ಚುತ್ತದೆ, ಮೈಲೇಜು ಕುಸಿಯುತ್ತದೆ. ಎಂಜಿನ್ನು ಅತಿಯಾಗಿ ಕಾಯುತ್ತಿದ್ದರೆ ಅದಕ್ಕೆ ಕಾರಣವನ್ನು ಹುಡುಕಬೇಕೇ ಹೊರತು ಕಾವಲುಗಾರನನ್ನು ಕೆಲಸದಿಂದ ತೆಗೆಯುವುದು ನ್ಯಾಯವಲ್ಲ.

ಈ ಥರ್ಮೋಸ್ಟಾಟ್ ಕೂತಿರುವ ಗೂಡಿಗೆ ಹೌಸಿಂಗ್ ಎನ್ನುತ್ತಾರೆ. 1489 ಸಿ.ಸಿ.ಯ ಹಳೆಯ ಅಂಬಾಸಡರ್ ಎಂಜಿನ್ನಿನಲ್ಲಿ ಹೆಡ್ಡು ಎರಕದ ಕಬ್ಬಿಣದ್ದು. ಅದರ ಮುಂತುದಿಯಲ್ಲಿ ಒಂದು ಗುಳಿ, ಗುಳಿಯಲ್ಲಿ ಥರ್ಮೋಸ್ಟಾಟ್. ಅದರ ಮೇಲೆ ಕಾಗದದ ಗ್ಯಾಸ್ಕೆಟ್, ಗ್ಯಾಸ್ಕೆಟ್ಟಿನ ಮೇಲೆ ಮೊಣಕೈಯಂತೆ ಬಾಗಿದ ಅಲ್ಯೂಮಿನಿಯಂ ಮುಚ್ಚಳ. ಹೆಡ್ಡಿನಿಂದ ಮೇಲೆದ್ದ ಮೂರು ಉಕ್ಕಿನ ಸ್ಟಡ್ಡುಗಳು ಮುಚ್ಚಳದ ಮೂರು ಕಿವಿಗಳ ತೂತಿನಲ್ಲಿ ತೂರಿ ಬರುತ್ತವೆ. ಮೂರು ನಟ್ಟುಗಳು ಅದನ್ನು ಬಿಗಿದಿರುತ್ತವೆ. ಇಷ್ಟೇ ಅದರ ರಚನೆ.

ಇಷ್ಟು ಸರಳವಾದದ್ದು ಸೋರುವುದೇಕೆ? ಕಾರಣ ರಸಾಯನದ್ದು. ಕಬ್ಬಿಣ ಒಂದು ಲೋಹ, ಅಲ್ಯೂಮಿನಿಯಂ ಇನ್ನೊಂದು. ನಡುವೆ ಉಪ್ಪಿನಂಶದ ನೀರು. ಎರಡು ಬೇರೆ ಲೋಹಗಳು ಇಂತಹ ನೀರಿನಲ್ಲಿ ಕೂಡಿದರೆ ಅದೊಂದು ಬ್ಯಾಟರಿಯೇ ಆಯಿತು. ಆ ಬ್ಯಾಟರಿಯಲ್ಲಿ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಅದು ಬಿಳಿಯ ಸುಣ್ಣದಂತಹ ಪುಡಿಯಾಗಿ ಉದುರುತ್ತದೆ. ಮುಚ್ಚಳದ ನುಣುಪಾದ ಅಡಿಮೈಯಲ್ಲಿ ಗುಂಡಿಗಳು ಬೀಳುತ್ತವೆ. ಗ್ಯಾಸ್ಕೆಟ್ ಆ ಗುಂಡಿಗಳನ್ನು ತುಂಬಲಾರದು. ನೀರು ದಾರಿ ಮಾಡಿಕೊಳ್ಳುತ್ತದೆ. ಅದೇ ಪುಡಿ ಸ್ಟಡ್ಡಿಗೂ ಕಿವಿಯ ತೂತಿಗೂ ನಡುವೆ ತುಂಬಿ ಗಾರೆ ಹಾಕಿದಂತೆ ಹಿಡಿಯುತ್ತದೆ. ಅಂದರೆ ಸೋರುವಂತೆ ಮಾಡಿದ್ದೂ, ಬಿಚ್ಚಲು ಬಾರದಂತೆ ಮಾಡಿದ್ದೂ ಒಂದೇ ವಸ್ತು. ಎರಡನೆಯ ಕಾರಣ ಮನುಷ್ಯರದು. ಸ್ವಲ್ಪ ಸೋರಿದೊಡನೆ ದೊಡ್ಡ ಸ್ಪ್ಯಾನರ್ ಹಾಕಿ ಬಿಗಿಯುತ್ತಾರೆ. ಮೆದು ಲೋಹದ ಕಿವಿಗಳು ಕೆಳಕ್ಕೆ ಬಾಗುತ್ತವೆ. ನಡುಭಾಗ ಬಿಲ್ಲಿನಂತೆ ಮೇಲೇಳುತ್ತದೆ. ಸೋರಿಕೆ ಇನ್ನೂ ಹೆಚ್ಚುತ್ತದೆ.

ನಮ್ಮ ಟಿ. ನಗರದಲ್ಲಿ ಈ ಸೋರಿಕೆಯನ್ನು ಅಲಕ್ಷ್ಯ ಮಾಡುವಂತಿಲ್ಲ. ಹಳೆಯ ಕಾರಿನ ಫ್ಯಾನು ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವುದು. ಎಂಜಿನ್ನು ನಿಧಾನವಾಗಿದ್ದರೆ ಫ್ಯಾನೂ ನಿಧಾನ. ದೀಪಾವಳಿಯ ಹಿಂದಿನ ವಾರ ಪನಗಲ್ ಪಾರ್ಕಿನಿಂದ ಉಸ್ಮಾನ್ ರಸ್ತೆಗೆ ತಿರುಗಿ ಒಂದನೆಯ ಗೇರಿನಲ್ಲಿ ಅರ್ಧ ಗಂಟೆ ತೆವಳಿದವರಿಗೆ ಇದು ಗೊತ್ತು. ಇನ್ನು ಊರಿಗೆ ಹೊರಟರೆ ಕೃಷ್ಣಗಿರಿ ದಾಟಿ ಹೊಸೂರಿನ ಏರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ಹಿಡಿದಿಟ್ಟು ಕುದಿಯುವ ಮಟ್ಟವನ್ನು ಮೇಲೇರಿಸುತ್ತದೆ. 7 ಪೌಂಡಿನ ಮುಚ್ಚಳವಿದ್ದರೆ ಹೆಚ್ಚು ಕಡಿಮೆ 11 ಡಿಗ್ರಿಯಷ್ಟು ಲಾಭ. ಆದರೆ ಎಲ್ಲಿಯಾದರೂ ಸೋರುತ್ತಿದ್ದರೆ ಒತ್ತಡ ನಿಲ್ಲುವುದಿಲ್ಲ, ಲಾಭವೂ ಇಲ್ಲ. ನೀರು ಕಡಿಮೆಯಾಗಿ ಎಂಜಿನ್ನು ಒಮ್ಮೆ ಚೆನ್ನಾಗಿ ಕಾದರೆ ಹೆಡ್ಡು ಸೊಟ್ಟಗಾಗುತ್ತದೆ, ಅದರ ಗ್ಯಾಸ್ಕೆಟ್ ಸುಡುತ್ತದೆ. ಆಮೇಲೆ ಖರ್ಚು ಸಾವಿರಗಳಲ್ಲಿ.

ದೊಡ್ಡಪ್ಪನವರ ಕಾರಿಗೆ ಮೊದಲು ವಾರಕ್ಕೊಂದು ಚೊಂಬು ನೀರು ಹಾಕಬೇಕಾಗುತ್ತಿತ್ತು. ಆಮೇಲೆ ದಿನಕ್ಕೊಂದು ಚೊಂಬು. ಒಂದು ವರ್ಕ್‌ಷಾಪಿನವರು ಬಾನೆಟ್ಟು ಎತ್ತಿ ನೋಡಿ, “ಎಂಜಿನ್ನಿನ ಕೆಲಸವೇ ಆಗಬೇಕು, ಅದಕ್ಕಿಂತ ಗುಜರಿಗೆ ಕೊಡುವುದು ಮೇಲು” ಎಂದರು. ಇನ್ನೊಬ್ಬರು ರೇಡಿಯೇಟರಿಗೆ ಸೋರಿಕೆ ನಿಲ್ಲಿಸುವ ಪುಡಿ ಹಾಕಬಹುದು ಎಂದರು. ಮನೆಯ ಅರಿಶಿನದ ಪುಡಿಯನ್ನೇ ಹಾಕುವವರೂ ನಮ್ಮ ದೇಶದಲ್ಲಿ ಬಹಳ ಮಂದಿ. ಬೆಂಗಳೂರಿನಲ್ಲಿರುವ ಮಕ್ಕಳು ಫೋನಿನಲ್ಲಿ, “ಅಪ್ಪಾ, ಸಾಕು ಮಾಡಿ, ಮಾರಿಬಿಡಿ” ಎಂದರು. ದೊಡ್ಡಪ್ಪನವರು ನಮ್ಮನ್ನು ಕರೆದು, “ಮಾರುವುದಾದರೆ ಮಾರೋಣ ಕಣ್ರಪ್ಪ. ಆದರೆ ಅದಕ್ಕೆ ಏನಾಗಿದೆ ಅಂತ ತಿಳಕೊಂಡು ಮಾರೋಣ” ಎಂದರು. ಈ ಮಾತು ನಮಗೆ ಬಹಳ ಹಿಡಿಸಿತು.

ಏಕೆಂದರೆ ಇದು ನಮ್ಮ ಕಸುಬಿನ ಮಾತು. ಈಗ ಬ್ಯಾಂಕಿನ ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡಿದರೂ, ಸಂಜೆ ನಗದು ಎಣಿಸಿ ತಾಳೆ ನೋಡುವುದು ತಪ್ಪಿಲ್ಲ. ನೂರು ರೂಪಾಯಿ ವ್ಯತ್ಯಾಸ ಬಂದರೆ ಎರಡು ದಾರಿಗಳಿವೆ. ಒಂದು, ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಬರೆದು ಮನೆಗೆ ಹೋಗುವುದು. ಅಂಕಿ ತಾಳೆಯಾಗುತ್ತದೆ, ತಪ್ಪು ಹಾಗೆಯೇ ಉಳಿಯುತ್ತದೆ. ಇನ್ನೊಂದು, ಒಂದೊಂದೇ ವೋಚರು ತೆಗೆದು ವ್ಯತ್ಯಾಸ ಹುಟ್ಟಿದ ಜಾಗವನ್ನು ಹಿಡಿಯುವುದು. ರೇಡಿಯೇಟರಿಗೆ ಪುಡಿ ಹಾಕುವುದು ಸಸ್ಪೆನ್ಸ್ ಖಾತೆಗೆ ಬರೆದಂತೆ. ಸೋರುವ ತೂತನ್ನು ಅದು ಮುಚ್ಚೀತು. ಆದರೆ ರೇಡಿಯೇಟರಿನ ಸಣ್ಣ ಸಣ್ಣ ನಾಳಗಳನ್ನೂ ಮುಚ್ಚೀತು. ಎಲ್ಲಿ ಸೋರುತ್ತಿತ್ತೆಂಬ ಗುರುತೂ ಅಳಿಸಿಹೋಗುತ್ತದೆ.

ಆದುದರಿಂದ ನಾವು ಮೊದಲು ಒಂದು ವಾರ ನೀರಿನ ಲೆಕ್ಕ ಇಟ್ಟೆವು. ದಿನವೂ ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗ ಅಳತೆಯ ಲೋಟದಿಂದ ನೀರು ತುಂಬಿ ಡೈರಿಯಲ್ಲಿ ಬರೆದೆವು. ಓಡಿಸದೆ ನಿಲ್ಲಿಸಿದ ದಿನ ನೀರು ಕಡಿಮೆಯಾಗಲಿಲ್ಲ. ಓಡಿಸಿದ ದಿನ ಕಡಿಮೆಯಾಯಿತು. ಅಂದರೆ ಕಾವೂ ಒತ್ತಡವೂ ಇದ್ದಾಗ ಮಾತ್ರ ಸೋರುವ ಜಾಗ. ಹೊರಗೆಲ್ಲಿಯೂ ಸೋರದೆ ನೀರು ಮಾಯವಾಗುತ್ತಿದ್ದರೆ ಅದು ಕೆಟ್ಟ ಲಕ್ಷಣ. ಎಣ್ಣೆ ಅಳೆಯುವ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯಂತಹ ಬಣ್ಣ, ಕಾದ ಮೇಲೂ ನಿಲ್ಲದ ಬಿಳಿಯ ಹೊಗೆ, ರೇಡಿಯೇಟರಿನ ಬಾಯಿಯಲ್ಲಿ ಗುಳ್ಳೆಗಳು, ಇವು ಹೆಡ್ಡಿನ ಗ್ಯಾಸ್ಕೆಟ್ ಹೋದ ಗುರುತುಗಳು. ಇಲ್ಲಿ ಅವು ಇರಲಿಲ್ಲ. ಗುಜರಿಯ ಮಾತಿಗೆ ಅಲ್ಲಿಗೇ ಅರ್ಧ ಉತ್ತರ ದೊರಕಿತು.

ಆಮೇಲೆ ಎಂಜಿನ್ನಿನ ಮುಂಭಾಗವನ್ನು ಒರೆಸಿ ಒಣಗಿಸಿ, ಅನುಮಾನದ ಜಾಗಗಳಿಗೆಲ್ಲ ಮಕ್ಕಳ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿದೆವು. ಮೇಲಿನ ಪೈಪಿನ ಕ್ಲಿಪ್ಪು, ನೀರಿನ ಪಂಪು, ರೇಡಿಯೇಟರಿನ ಅಂಚು, ಥರ್ಮೋಸ್ಟಾಟಿನ ಮುಚ್ಚಳ, ಎಲ್ಲಕ್ಕೂ. ಕಾರನ್ನು ಜಿ.ಎನ್. ಚೆಟ್ಟಿ ರಸ್ತೆಯ ತನಕ ಓಡಿಸಿ ತಂದು ಬಾನೆಟ್ಟು ಎತ್ತಿದಾಗ, ಮುಚ್ಚಳದ ಹಿಂಬದಿಯ ಕಿವಿಯ ಅಡಿಯಲ್ಲಿ ಪೌಡರು ನೆನೆದು ಒಂದು ಗೆರೆ ಇಳಿದಿತ್ತು. ಕಾದ ಕಬ್ಬಿಣದ ಮೇಲೆ ಹರಿದ ನೀರು ನೆಲಕ್ಕೆ ಬೀಳುವ ಮೊದಲೇ ಆವಿಯಾಗುತ್ತಿದ್ದುದರಿಂದ ಕಾರಿನಡಿಯಲ್ಲಿ ಹನಿ ಕಂಡಿರಲಿಲ್ಲ.

ಬಿಚ್ಚುವ ಮೊದಲು ಒಂದು ಎಚ್ಚರಿಕೆ. ಇದನ್ನು ಮನೆಯ ಹುಡುಗರಿಗೂ ದಯವಿಟ್ಟು ಹೇಳಿ. ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡ ಇಳಿದೊಡನೆ ಒಳಗಿನ ನೀರು ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ರಸ್ತೆಯ ನಡುವೆ ಕೆಟ್ಟು ನಿಂತರೂ ಸರಿಯೆ, ಕೈ ಇಟ್ಟರೆ ಬಿಸಿ ತಾಗದಷ್ಟು ಆರುವ ತನಕ ಕಾಯಬೇಕು.

ತಣ್ಣಗಾದ ಮೇಲೆ ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿ ನೀರನ್ನು ಬಕೆಟ್ಟಿಗೆ ಹಿಡಿಯಬೇಕು. ಕೂಲೆಂಟ್ ಬೆರೆತ ನೀರಾದರೆ ಬೀದಿಗೆ ಚೆಲ್ಲಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಸಿಹಿ. ಬೀದಿಯ ಹಸು ನಾಯಿಗಳು ನೆಕ್ಕಿ ಸಾಯುತ್ತವೆ. ಮಕ್ಕಳ ಕೈಗೂ ಸಿಗಬಾರದು.

ಇನ್ನು ನಟ್ಟುಗಳು. ಹಳೆಯ ಅಂಬಾಸಡರಿನ ನಟ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚು ಎಂದರೆ 12.7 ಮಿಲಿಮೀಟರು. ಇಂದಿನ 13ರ ಸ್ಪ್ಯಾನರ್ ಕೂತಂತೆ ಕಾಣುತ್ತದೆ. ಬಲ ಹಾಕಿದಾಗ ಜಾರಿ ನಟ್ಟಿನ ಮೂಲೆಗಳನ್ನು ತಿನ್ನುತ್ತದೆ. ಸರಿಯಾದ ಇಂಚಿನ ಸ್ಪ್ಯಾನರ್‌ಗಳನ್ನು ಪುದುಪೇಟೆಯಲ್ಲಿ ಹುಡುಕಿ ತಂದೆವು. ಹಳೆಯ ಮೋಟಾರಿನ ಬಿಡಿಭಾಗಗಳಿಗೆ ಈ ಊರಿನಲ್ಲಿ ಪುದುಪೇಟೆಯನ್ನು ಬಿಟ್ಟರೆ ಜನರಲ್ ಪ್ಯಾಟರ್ಸ್ ರಸ್ತೆ.

ಮೂರು ನಟ್ಟುಗಳೂ ಬಂದವು. ಮುಚ್ಚಳ ಮಾತ್ರ ಬರಲಿಲ್ಲ. ನಾವು ಆಗಲೇ ಹೇಳಿದ ಬಿಳಿಯ ಪುಡಿ ಹಿಂದಿನ ಸ್ಟಡ್ಡನ್ನು ಹಿಡಿದಿತ್ತು. ಇಂತಹ ಹೊತ್ತಿನಲ್ಲಿ ಕೈಯಲ್ಲಿರುವ ದೊಡ್ಡ ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟುವ ಆಸೆ ಎಲ್ಲರಿಗೂ ಬರುತ್ತದೆ. ಮೀಟಿದರೆ ಎರಡರಲ್ಲೊಂದು ಆಗುತ್ತದೆ. ಅಲ್ಯೂಮಿನಿಯಂ ಮೈಯಲ್ಲಿ ಗಾಯವಾಗಿ ಸೋರುವ ಹೊಸ ದಾರಿ ಆಗುತ್ತದೆ, ಇಲ್ಲವೆ ಕಿವಿ ಮುರಿಯುತ್ತದೆ. ಬಲವಂತದಿಂದ ತಿರುಚಿದರೆ ಸ್ಟಡ್ಡು ಹೆಡ್ಡಿನ ಮಟ್ಟಕ್ಕೆ ತುಂಡಾಗುತ್ತದೆ. ಆಮೇಲೆ ಅದನ್ನು ಕೊರೆದು ತೆಗೆದು ಹೊಸ ಮರೆ ಹಾಕಲು ಲೇತ್ ಅಂಗಡಿಯೇ ಗತಿ.

ಪುದುಪೇಟೆಯಲ್ಲಿ ನಲವತ್ತು ವರ್ಷದಿಂದ ಈ ಕಾರುಗಳನ್ನೇ ಬಿಚ್ಚಿ ಕಟ್ಟಿದ ಒಬ್ಬ ಮೇಸ್ತ್ರಿಯನ್ನು ಕರೆತಂದೆವು. “ಅಣ್ಣೇ, ಶನಿವಾರ ದೊಡ್ಡಪ್ಪನವರು ಬೆಂಗಳೂರಿಗೆ ಹೊರಡಬೇಕು, ಇವತ್ತೇ ಆಗುತ್ತದೆಯೇ?” ಎಂದು ಕೇಳಿದೆವು. ಅವರು ಸ್ಟಡ್ಡಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕೈ ಒರೆಸಿಕೊಂಡು, ತಮ್ಮ ತಮಿಳಿನಲ್ಲಿ ಹೇಳಿದ್ದು ಇಷ್ಟು: “ಐವತ್ತು ವರ್ಷ ಹಿಡಿದದ್ದು ಐದು ನಿಮಿಷದಲ್ಲಿ ಬಿಡುತ್ತದೆಯೇ ಸಾರ್? ಇವತ್ತು ಬಿಡಿ, ನಾಳೆಯೂ ಎಣ್ಣೆ ಹಾಕಿ, ನಾಡಿದ್ದು ನಾನು ಬರುತ್ತೇನೆ.” ದೊಡ್ಡಪ್ಪನವರು ನಕ್ಕು, ಬೃಂದಾವನ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ಟು ಮಾಡಿಸಿಕೊಂಡು, ಮೊಮ್ಮಗನ ಮಗುವಿನ ನಾಮಕರಣಕ್ಕೆ ರೈಲಿನಲ್ಲೇ ಹೋಗಿಬಂದರು.

ಮೂರನೆಯ ದಿನ ಮೇಸ್ತ್ರಿ ಬಂದು ಮರದ ಕೊಡತಿಯಿಂದ ಮುಚ್ಚಳದ ಬದಿಗೆ ಆ ಕಡೆ ಈ ಕಡೆ ಮೆಲ್ಲಗೆ ತಟ್ಟಿದರು. ಆಮೇಲೆ ಪೆಟ್ರೋಲಿನ ಪೈಪನ್ನು ದೂರ ಸರಿಸಿ, ಒದ್ದೆ ಚೀಲ ಹೊದಿಸಿ, ಪಕ್ಕದಲ್ಲಿ ಮರಳಿನ ಬಕೆಟ್ಟು ಇಡಿಸಿ, ಚಿಕ್ಕ ಗ್ಯಾಸ್ ದೀಪದಿಂದ ಕಿವಿಯನ್ನು ಸ್ವಲ್ಪ ಕಾಯಿಸಿದರು. ಇದರ ಶಾಸ್ತ್ರ ಸುಲಭ. ಒಂದೇ ಕಾವಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ತೂತು ಹಿಗ್ಗಿತು, ಸ್ಟಡ್ಡು ಅಷ್ಟು ಹಿಗ್ಗಲಿಲ್ಲ, ನಡುವಿನ ಗಾರೆ ಬಿರಿಯಿತು. ಮತ್ತೆ ಎಣ್ಣೆ, ಮತ್ತೆ ತಟ್ಟುವುದು. ಸಂಜೆಯ ಹೊತ್ತಿಗೆ ಮುಚ್ಚಳ ತಾನಾಗಿ ಎದ್ದು ಬಂತು, ಸ್ಟಡ್ಡು ಉಳಿಯಿತು. ಬೆಂಕಿಯ ಕೆಲಸವನ್ನು ಮಾತ್ರ ಕೈ ಪಳಗಿದವರಿಗೇ ಬಿಡಬೇಕೆಂದು ನಮ್ಮ ಪ್ರಾರ್ಥನೆ.

ಮುಚ್ಚಳ ಬಂದ ಮೇಲಿನದು ಗೃಹಕೃತ್ಯದಷ್ಟೇ ಶುಚಿಯ ಕೆಲಸ. ಹೆಡ್ಡಿನ ಬಾಯಿಗೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯಬೇಕು. ಮುಚ್ಚಳದ ಅಡಿ ಸಮನಾಗಿದೆಯೇ ಎಂದು ನೋಡಲು ದಪ್ಪ ಗಾಜಿನ ತುಂಡೊಂದು ಸಾಕು. ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಮುಚ್ಚಳವನ್ನು ಬೋರಲಿಟ್ಟು, ಎಂಟರ ಅಂಕಿ ಬರೆದಂತೆ ತಿರುಗಿಸುತ್ತ ಉಜ್ಜಬೇಕು. ತಗ್ಗಿದ ಕಡೆ ಮಾಸಲಾಗಿಯೇ ಉಳಿಯುತ್ತದೆ, ಉಬ್ಬಿದ ಕಡೆ ಹೊಳೆಯುತ್ತದೆ. ಎಲ್ಲ ಕಡೆಯೂ ಒಂದೇ ಸಮನೆ ಹೊಳೆಯುವ ತನಕ ಉಜ್ಜಬೇಕು. ಗುಂಡಿ ತೀರ ಆಳವಾಗಿದ್ದರೆ ಹೊಸ ಮುಚ್ಚಳವೇ ಸರಿ.

ಥರ್ಮೋಸ್ಟಾಟನ್ನು ಪರೀಕ್ಷಿಸುವುದು ಮಕ್ಕಳಿಗೂ ಸಂತೋಷದ ನೋಟ. ಅಡಿಗೆಗೆ ಬಳಸದ ಪಾತ್ರೆಯಲ್ಲಿ ನೀರು ಕಾಯಲಿಟ್ಟು, ಥರ್ಮೋಸ್ಟಾಟನ್ನು ದಾರದಿಂದ ತಳ ಮುಟ್ಟದಂತೆ ಇಳಿಬಿಡಬೇಕು, ಪಕ್ಕದಲ್ಲೊಂದು ಉಷ್ಣಮಾಪಕ. ಗುರುತು ಹಾಕಿದ ಡಿಗ್ರಿ ಹತ್ತಿರವಾದಾಗ ಬಾಗಿಲು ಮೆಲ್ಲಗೆ ತೆರೆಯುವುದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಹತ್ತು ಹನ್ನೆರಡು ಡಿಗ್ರಿಗೆ ಪೂರ್ತಿ ತೆರೆಯುತ್ತದೆ. ಆರಿಸಿದಾಗ ಮುಚ್ಚಬೇಕು. ಮುಚ್ಚದಿದ್ದರೆ, ತೆರೆಯದಿದ್ದರೆ, ಬದಲಾಯಿಸಬೇಕು.

ಮತ್ತೆ ಕೂಡಿಸುವಾಗ ನಾಲ್ಕು ಮಾತು ನೆನಪಿಡಬೇಕು. ಥರ್ಮೋಸ್ಟಾಟಿನ ಸ್ಪ್ರಿಂಗು ಇರುವ ಕಡೆ ಎಂಜಿನ್ನಿನೊಳಕ್ಕೆ ಇರಬೇಕು. ಅಂಚು ಗುಳಿಯಲ್ಲಿ ಸರಿಯಾಗಿ ಕೂತಿರಬೇಕು. ಅಂಚು ಓರೆಯಾಗಿದ್ದಾಗ ಬಿಗಿದರೆ ಮುಚ್ಚಳದ ಕಿವಿ ಸೀಳುತ್ತದೆ. ಎರಡನೆಯದಾಗಿ, ಗ್ಯಾಸ್ಕೆಟ್ ಹೊಸದಾಗಿರಬೇಕು. ಅದರ ಬೆಲೆ ಹೋಟೆಲಿನ ಒಂದು ತಿಂಡಿಯ ಬೆಲೆಯೊಳಗೇ. ಕಾಗದ ತಂದು ನಾವೇ ಕತ್ತರಿಸಿಕೊಳ್ಳಲೂಬಹುದು. ಅಂಟು ಹಚ್ಚುವುದಾದರೆ ಕುಂಕುಮ ಹಚ್ಚಿದಷ್ಟು ತೆಳುವಾಗಿ. ಹೆಚ್ಚಾದರೆ ಒಳಕ್ಕೆ ಹಿಂಡಿ ಮುಂದೆ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರನೆಯದಾಗಿ, ಸ್ಟಡ್ಡುಗಳಿಗೆ ತಾಮ್ರದ ಗ್ರೀಸನ್ನು ಸವರಬೇಕು, ಮುಂದಿನ ಸಲ ಬಿಚ್ಚುವವರು ನಮ್ಮನ್ನು ಹರಸುತ್ತಾರೆ. ನಾಲ್ಕನೆಯದಾಗಿ, ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಮೂರಕ್ಕೂ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬರಬೇಕು. ಗಿಡ್ಡ ಸ್ಪ್ಯಾನರ್, ಮಣಿಕಟ್ಟಿನ ಬಲ, ಅಷ್ಟೇ. ತಡೆಯುವುದು ಸಮನಾದ ಮೈ. ನಮ್ಮ ತೋಳಿನ ಬಲವಲ್ಲ.

ಕೊನೆಗೆ, ಒಳಗೆ ಏನು ತುಂಬಬೇಕು? ಟಿ. ನಗರದ ಕೊಳವೆಬಾವಿಯ ನೀರಿನಲ್ಲಿ ಬೇಳೆ ಬೇಯುವ ಕಷ್ಟ ತಾಯಂದಿರಿಗೆ ಗೊತ್ತೇ ಇದೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪೊರೆ ಎಂಜಿನ್ನಿನಲ್ಲೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು, ಅದಕ್ಕೆ ಕೂಲೆಂಟನ್ನು ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. “ಇಲ್ಲಿ ಹಿಮ ಬೀಳುವುದೇ, ಕೂಲೆಂಟ್ ಏಕೆ?” ಎಂದು ಕೇಳುತ್ತಾರೆ. ಹೆಪ್ಪುಗಟ್ಟುವುದನ್ನು ತಡೆಯುವುದು ಅದರ ಒಂದು ಕೆಲಸ. ಎರಡು ಲೋಹಗಳ ಆ ಜಗಳವನ್ನು ತಡೆಯುವ ಔಷಧಿಯೂ ಅದರಲ್ಲಿದೆ, ನಮಗೆ ಬೇಕಾದದ್ದು ಅದು. ಆ ಔಷಧಿಯ ಸತ್ವ ಕಾಲಕ್ರಮದಲ್ಲಿ ತೀರುತ್ತದೆ. ಹಳೆಯ ಮಾದರಿಯ ಹಸಿರು ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ನಿಧಾನವಾಗಿ ತುಂಬಿ, ಎಂಜಿನ್ನು ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆರೆದಿಟ್ಟು ಚಾಲೂ ಮಾಡಿ, ಗಾಳಿಯ ಗುಳ್ಳೆಗಳು ಹೊರಡುವ ತನಕ ಬಿಟ್ಟು, ಕಡಿಮೆಯಾದುದನ್ನು ತುಂಬಿ ಮುಚ್ಚಬೇಕು. ಮಾರನೆಯ ದಿನ ಬೆಳಗ್ಗೆ ಮಟ್ಟವನ್ನೂ ನಟ್ಟುಗಳನ್ನೂ ಮತ್ತೊಮ್ಮೆ ನೋಡಬೇಕು.

ದೊಡ್ಡಪ್ಪನವರ ಕಾರಿನ ನೀರಿನ ಡೈರಿಯನ್ನು ನಾವು ಇನ್ನೂ ಒಂದು ತಿಂಗಳು ಮುಂದುವರಿಸಿದೆವು. ಹಾಕಿದ ನೀರು ಸೊನ್ನೆ, ಸೊನ್ನೆ, ಸೊನ್ನೆ. ಆಮೇಲೆ ಅವರು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಹೋದರು. ಕೃಷ್ಣಗಿರಿಯಲ್ಲಿ ಊಟಕ್ಕೆ ನಿಂತು, ಎಂಜಿನ್ನು ಆರಿದ ಮೇಲೆ ನೋಡಿದರೆ ಮಟ್ಟ ಕದಲಿರಲಿಲ್ಲವಂತೆ. ಮಾರುವ ಮಾತನ್ನು ಈಗ ಮಕ್ಕಳು ಆಡುತ್ತಿಲ್ಲ.

ಹಳೆಯ ಕಾರನ್ನು ಇಟ್ಟುಕೊಂಡವರಿಗೆ ಕಾನೂನಿನ ಕಡೆಯಿಂದ ಒಂದು ಮಾತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರಲ್ಲಿ ಗುಜರಿ ನೀತಿಯೂ ಬಂದಿದೆ. ಅದೇ ವರ್ಷ ಕೇಂದ್ರ ಸರಕಾರ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಕಾರುಗಳಿಗೆ ವಿಂಟೇಜ್ ಎಂಬ ಬೇರೆ ನೋಂದಣಿಯ ನಿಯಮವನ್ನೂ ಮಾಡಿತು. ಹಾಗೆ ನೋಂದಾಯಿಸಿದ ಕಾರನ್ನು ದಿನವಹಿ ಓಡಿಸುವಂತಿಲ್ಲ ಎಂಬುದನ್ನು ಗಮನಿಸಿಯೇ ಅರ್ಜಿ ಹಾಕಬೇಕು. ಯಾವ ದಾರಿಯಾದರೂ ಪರೀಕ್ಷೆಗೆ ನಿಲ್ಲುವಾಗ ಕಾರು ಸುಸ್ಥಿತಿಯಲ್ಲಿರಬೇಕು.

ಎಲ್ಲ ಹಳೆಯ ಕಾರನ್ನೂ ಉಳಿಸಿಕೊಳ್ಳಲೇಬೇಕೆಂದು ನಮ್ಮ ವಾದವಲ್ಲ. ಹೆಡ್ಡು ಸೀಳಿದ್ದರೆ, ತಳ ತುಕ್ಕು ತಿಂದಿದ್ದರೆ, ಬೀಳ್ಕೊಡುವುದೇ ವಿವೇಕ. ಆದರೆ ಆ ತೀರ್ಮಾನ ವ್ಯತ್ಯಾಸ ಎಲ್ಲಿದೆಯೆಂದು ನೋಡಿದ ಮೇಲೆ ಬರಲಿ, ನೋಡುವ ಮೊದಲೇ ಬೇಡ. ಅಂಗೈಯಗಲದ ಮುಚ್ಚಳದ ದೋಷಕ್ಕೆ ಇಡೀ ಕಾರನ್ನು ಗುಜರಿಗೆ ಬರೆದುಬಿಡುವ ಲೆಕ್ಕವನ್ನು ಯಾವ ಆಡಿಟರೂ ಒಪ್ಪುವುದಿಲ್ಲ.

ದೀಪಾವಳಿಯ ರಜಕ್ಕೆ ಊರಿಗೆ ಕಾರಿನಲ್ಲಿ ಹೊರಡುವವರು ಹಿಂದಿನ ವಾರವೇ ಎಂಜಿನ್ನು ತಣ್ಣಗಿರುವಾಗ ಬಾನೆಟ್ಟು ಎತ್ತಿ ನೀರಿನ ಮಟ್ಟವನ್ನೂ, ಥರ್ಮೋಸ್ಟಾಟಿನ ಬುಡದಲ್ಲಿ ಬಿಳಿಯ ಪುಡಿಯಿದೆಯೇ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ. ಇಂಚಿನ ಸ್ಪ್ಯಾನರ್‌ಗಳ ಪೆಟ್ಟಿಗೆ ನಮ್ಮಲ್ಲಿದೆ. ಬೇಕಾದವರು ಸಂಕೋಚವಿಲ್ಲದೆ ಕೇಳಿ ಒಯ್ಯಬಹುದು. ಕೆಲಸವಾದ ಮೇಲೆ ಮಾತ್ರ ಎಣಿಸಿ ಹಿಂದಕ್ಕೆ ಕೊಡಬೇಕು. ಗುಮಾಸ್ತರ ಪೆಟ್ಟಿಗೆ, ಲೆಕ್ಕ ತಾಳೆಯಾಗಬೇಕು.